ಬಟಾಟಿ ಮಾಡಿದವರು ಯಾರು

ಹೋದ ತಿಂಗಳು ಬಾಗಲಕೋಟೆಯಿಂದ ನಾಲ್ಕು ಜನ ಹುಡುಗ ಹುಡುಗಿಯರು ಹುನಗುಂದದ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಹೋಟೆಲ್ ಅಡುಗೆಯ ಕೋರ್ಸು ಕಲಿಯುತ್ತಿರುವವರು. ನಿವೃತ್ತರಾದ ಅಡುಗೆಯವರನ್ನು ಕಂಡು ಅವರ ಅನುಭವ ಬರೆಸಿಕೊಂಡು ಬನ್ನಿ ಎಂದು ಅವರ ಮಾಸ್ತರರು ಹೇಳಿ ಕಳಿಸಿದ್ದರಂತೆ. ಚಹಾ ಕುಡಿಸಿದೆ. ನನ್ನ ಕಾಲದ ಒಲೆ, ನನ್ನ ಕಾಲದ ಸಾಹೇಬರು, ಅದು ಇದು ಮಾತಾಡಿದೆ. ಏಳುವ ಹೊತ್ತಿಗೆ ಒಬ್ಬ ಹುಡುಗಿ ಕೇಳಿದಳು.

"ಅಜ್ಜಾರ, ಆ ಬದಾಮಿ ಬಟಾಟಿ ನೀವ ಕಂಡ ಹಿಡದದ್ದಂತಲ್ರಿ?"

ನಾನು ಹೌದೆಂದು ತಲೆಯಾಡಿಸಿದೆ. ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು, ಇನ್ನು ಯಾರಿಂದಲೂ ನನಗೆ ಏನೂ ಆಗಬೇಕಾದ್ದಿಲ್ಲ, ಆದರೂ ತಲೆ ತಾನಾಗಿಯೇ ಆಡಿತು. ಆ ಹುಡುಗಿ ಅದನ್ನು ವಹಿಯಲ್ಲಿ ಬರೆದುಕೊಂಡಳು. ಆ ತಲೆಯಾಡಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಡುಗೆ ಕೆಲಸಕ್ಕೆ ಹೊಸದಾಗಿ ಬರುವವರು ಓದಿದರೆ ಒಳ್ಳೆಯದು. ಮುಖ್ಯವಾಗಿ ಆ ಹುಡುಗಿ ಓದಬೇಕು.

ನನ್ನ ಹೆಸರು ಇಮಾಮ್‌ಸಾಬ. ನಮ್ಮಪ್ಪ ಹುನಗುಂದ, ಇಳಕಲ್ ಕಡೆಯ ಲಗ್ನಗಳಿಗೆ ಬಿರಿಯಾನಿ ಮಾಡುತ್ತಿದ್ದ. ಸಾವಿರ ಮಂದಿಯ ಹಂಡೆಗೆ ಕಣ್ಣಳತೆಯಲ್ಲೇ ಉಪ್ಪು ಹಾಕುವ ಕೈ ಅವನದು. ಮನೆಯಲ್ಲಿ ನಾಲ್ಕು ಜನಕ್ಕೆ ಸಾರು ಮಾಡು ಎಂದರೆ ಮಾತ್ರ ಬರುತ್ತಿರಲಿಲ್ಲ. ಅವನ ಹಿಂದೆ ತಿರುಗಿ ನಾನು ಕಲಿತದ್ದೂ ಅದೇ. ಬಾದಾಮಿಯ ಒಂದು ಸರಕಾರಿ ಅತಿಥಿ ಗೃಹದಲ್ಲಿ ಅಡುಗೆಯವನಾಗಿ ಸೇರಿದ ಮೊದಲ ದಿನ ಮೂರು ಜನ ಸಾಹೇಬರಿಗೆ ನಾನು ಮಾಡಿದ ಅನ್ನ ಮೂವತ್ತು ಜನಕ್ಕೆ ಆಗುತ್ತಿತ್ತು. ಮೇಲ್ವಿಚಾರಕರಾದ ಜೋಶಿಯವರು ಬಂದು ಪಾತ್ರೆ ನೋಡಿ, ಬೈಯಲಿಲ್ಲ. "ಲಗ್ನ ಯಾರದಪಾ ಇಮಾಮ್‌ಸಾಬ?" ಎಂದು ಕೇಳಿ ಹೋದರು. ಆ ಅತಿಥಿ ಗೃಹ ಯಾವ ಇಲಾಖೆಯದೆಂದು ಬರೆಯುವುದಿಲ್ಲ. ಇಲ್ಲಿ ಬರುವ ತಪ್ಪು ಇಲಾಖೆಯದಲ್ಲ, ನನ್ನದು.

ಜೋಶಿಯವರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ವಿದ್ವಾಂಸರ ಮನೆತನ, ಸ್ನಾನ ಸಂಧ್ಯಾವಂದನೆ ಬಿಡದ ಮನುಷ್ಯ. ನಮ್ಮ ಅಡುಗೆಮನೆಯಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ಆದರೆ ಬಾಗಿಲಲ್ಲಿ ನಿಂತು ಮೂಗಿನಿಂದಲೇ ಉಪ್ಪು ನೋಡುತ್ತಿದ್ದರು. "ಸಾರಿಗಿ ಉಪ್ಪು ಕಡಿಮಿ ಅದ" ಎಂದರೆ ಕಡಿಮೆಯೇ ಇರುತ್ತಿತ್ತು. ಉಪ್ಪಿಗೆ ವಾಸನೆ ಎಲ್ಲಿಂದ ಬಂತು ಎಂದು ನಾನು ಬಹಳ ವರ್ಷ ತಲೆ ಕೆಡಿಸಿಕೊಂಡೆ. ಆಮೇಲೆ ತಿಳಿಯಿತು, ಅವರು ಮೂಸುತ್ತಿದ್ದದ್ದು ಸಾರನ್ನಲ್ಲ, ನನ್ನನ್ನು. ಉಪ್ಪು ಹಾಕಿ ರುಚಿ ನೋಡಿದ ಅಡುಗೆಯವನು ನಿಶ್ಚಿಂತೆಯಿಂದ ನಿಂತಿರುತ್ತಾನೆ, ನೋಡದವನು ಚಡಪಡಿಸುತ್ತಾನೆ. ಹೊಸಬರೇ, ರುಚಿ ನೋಡದೆ ಬಡಿಸಬೇಡಿ. ಈಗಿನವರು ಫೋಟೋ ಮೊದಲು ತೆಗೆಯುತ್ತೀರಿ, ರುಚಿ ಆಮೇಲೆ ನೋಡುತ್ತೀರಿ.

ಬಟಾಟಿಗೂ, ಎಂದರೆ ಆಲೂಗಡ್ಡೆಗೂ, ನನಗೂ ಮೊದಲಿನಿಂದಲೇ ಅಷ್ಟಕ್ಕಷ್ಟೇ. ಒಮ್ಮೆ ಏಕಾದಶಿಯ ದಿನ ಒಬ್ಬ ಹಿರಿಯರು ಬಂದು ಇಳಿದಿದ್ದರು. ಉಪವಾಸ, ಅನ್ನ ಬೇಡ, ಬಟಾಟಿಯ ಫರಾಳ ಸಾಕು ಎಂದರು. ನಾನು ಒಳ್ಳೆಯ ಮನಸ್ಸಿನಿಂದಲೇ ನಾಲ್ಕು ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಘಮಘಮ ಮಾಡಿಕೊಂಡು ಒಯ್ದೆ. ಆ ಹಿರಿಯರು ತಟ್ಟೆ ನೋಡಿದರು, ನನ್ನನ್ನು ನೋಡಿದರು, ಒಂದು ಲೋಟ ನೀರು ಕುಡಿದು ಕೈಮುಗಿದು ಎದ್ದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಉಪವಾಸದ ಊಟದಲ್ಲಿ ಉಳ್ಳಾಗಡ್ಡಿ ಬರುವುದಿಲ್ಲ ಎಂಬುದನ್ನು ನನಗೆ ಹೇಳಿಕೊಟ್ಟು, ಜೀರಿಗೆ, ಹಸಿಮೆಣಸಿನಕಾಯಿ, ಶೇಂಗಾಪುಡಿ ಹಾಕಿ ಮತ್ತೊಂದು ಸಲ ಮಾಡಿಸಿ ಆ ಹಿರಿಯರಿಗೆ ಕಳಿಸಿದವಳು ಬಸಲಿಂಗಕ್ಕ.

ಬಸಲಿಂಗಕ್ಕ ನಮ್ಮಲ್ಲಿ ರೊಟ್ಟಿ ಬಡಿಯುವವಳು. ಕೆರೂರಿನ ಕಡೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಗಂಡ ತೀರಿದ್ದ, ಸಾಲಿ ಓದುವ ಒಬ್ಬಳು ಮಗಳು. ನಾನು ಸೇರುವ ಎಷ್ಟೋ ವರ್ಷ ಮೊದಲಿನಿಂದ ಅಲ್ಲಿ ದಿನಗೂಲಿಯ ಮೇಲೆ ಇದ್ದಳು. ಒಳಗಿನ ಅಡುಗೆಮನೆ ನನ್ನದು, ಹಿತ್ತಲಿನ ತಗಡಿನ ಚಪ್ಪರದ ಕೆಳಗಿನ ರೊಟ್ಟಿ ಒಲೆ ಆಕೆಯದು. ಕುಳ್ಳು, ಜಾಲಿ ಕಟ್ಟಿಗೆ ಹಾಕಿ ಉರಿಸುವ ಒಲೆ. ನಸುಕಿನಿಂದ ಮಧ್ಯಾಹ್ನದವರೆಗೆ ಆಕೆಯ ಕೈ ಬಡಿತ ಕೇಳುತ್ತಿದ್ದರೆ ನನಗೆ ಅಡುಗೆ ಮಾಡಲು ಹುರುಪು ಬರುತ್ತಿತ್ತು. ನನ್ನನ್ನು ತಮ್ಮಾ ಎನ್ನುತ್ತಿದ್ದಳು. ನಾನೂ ದಿನಗೂಲಿಯವನೇ, ಇಬ್ಬರಿಗೂ ಯಾವಾಗ ಬೇಕಾದರೂ ನಾಳೆಯಿಂದ ಬರಬೇಡಿ ಎನ್ನಬಹುದಿತ್ತು. ಒಂದು ಹುದ್ದೆ ಕಾಯಂ ಆಗುತ್ತದಂತೆ ಎಂಬ ಸುದ್ದಿ ವರ್ಷಕ್ಕೊಮ್ಮೆ ಬಂದು ವರ್ಷಕ್ಕೊಮ್ಮೆ ಸಾಯುತ್ತಿತ್ತು.

ಇನ್ನು ಆ ದಿನದ ಮಾತು. ಇಳಕಲ್ಲಿಗೆ ಕಲ್ಲು ಖರೀದಿಗೆಂದು ಬಂದ ಪರರಾಜ್ಯದ ದೊಡ್ಡ ವ್ಯಾಪಾರಸ್ಥರು ಬಾದಾಮಿಯ ಗುಹೆ ನೋಡಿಕೊಂಡು ನಮ್ಮಲ್ಲಿ ರಾತ್ರಿ ಊಟ ಮಾಡಿ ಮುಂದೆ ಹೋಗುವವರಿದ್ದರು. ಅವರ ಜೊತೆ ನಮ್ಮ ಸಾಹೇಬರು. ಮಾಂಸ ಬೇಡ, ಬದನೆಕಾಯಿ ಅವರಿಗೆ ಆಗುವುದಿಲ್ಲ ಎಂದು ಮಧ್ಯಾಹ್ನ ಫೋನು ಬಂತು. ಬದನೆಕಾಯಿ ಇಲ್ಲದೆ ನಮ್ಮ ಕಡೆ ಊಟವೇ? ಸಂತೆ ಇನ್ನೂ ಎರಡು ದಿನ ದೂರ. ಉಗ್ರಾಣದಲ್ಲಿ ಬಟಾಟಿಯ ಒಂದು ಚೀಲ ಬಿಟ್ಟರೆ ಇನ್ನೊಂದು ಕಾಯಿಪಲ್ಲೆ ಇರಲಿಲ್ಲ. ಜೋಶಿಯವರು ಬಂದು, ಬಂದವರು ಊರಿಗೆ ಹೋದ ಮೇಲೂ ನೆನೆಸಬೇಕು, ಅಂಥದ್ದೇನಾದರೂ ಮಾಡು ಎಂದರು. ಬಟಾಟಿಯಿಂದ ಯಾರು ಯಾರನ್ನು ನೆನೆಸುತ್ತಾರೆ ಎಂದು ಗೊಣಗುತ್ತ ನಾನು ಹಿತ್ತಲಿಗೆ ಹೋದೆ.

ಬಸಲಿಂಗಕ್ಕ ಊಟಕ್ಕೆ ಕೂತಿದ್ದಳು. ಒಲೆಯ ಬೂದಿಯೊಳಗಿಂದ ಸುಟ್ಟು ಕರ್ರಗಾದ ಒಂದು ಗುಂಡು ಎಳೆದು, ಉಫ್ ಎಂದು ಊದಿ, ನೆಲದ ಮೇಲೆ ಇಟ್ಟು ಮುಷ್ಟಿಯಿಂದ ಒಂದು ಗುದ್ದು ಕೊಟ್ಟಳು. ಅದು ಬಿರಿಯಿತು. ಒಳಗಿಂದ ಹಬೆ ಎದ್ದಿತು. ಹಬೆಯ ಜೊತೆಗೆ ಬಂದ ವಾಸನೆಯನ್ನು ಹೇಗೆ ಹೇಳಲಿ? ಸುಟ್ಟ ಜೋಳದ್ದು, ಬೆಳ್ಳುಳ್ಳಿಯದು, ಕೆಂಪು ಖಾರದ್ದು, ಮಳೆಯಾದ ಹೊಲದ್ದು. ನಡುವೆ ಹಳದಿ ಬಟಾಟಿ, ಬೆಣ್ಣೆಯಂತೆ ಮೆತ್ತಗೆ.

ಮಾಡುವ ರೀತಿ ಕೇಳಿದೆ. ರೊಟ್ಟಿ ಮುಗಿದ ಮೇಲೆ ಕೊಣಮಿಗೆಯಲ್ಲಿ, ಎಂದರೆ ಹಿಟ್ಟು ನಾದುವ ಮರದ ತಟ್ಟೆಯಲ್ಲಿ, ಒಂದಿಷ್ಟು ಹಿಟ್ಟು ಉಳಿಯುತ್ತದಲ್ಲ, ಅದನ್ನು ಎಸೆದರೆ ಪಾಪ. ಒಂದು ಬಟಾಟಿಗೆ ಚಾಕುವಿನಿಂದ ಬಿರಡೆಯಂತೆ ತುಣುಕು ತೆಗೆದು, ಆ ತೂತಿನಲ್ಲಿ ಉಪ್ಪು, ಬೆಳ್ಳುಳ್ಳಿ ಹಾಕಿ ಅರೆದ ಕೆಂಪು ಮೆಣಸಿನಕಾಯಿಯ ರಂಜಕ ತುಂಬಿ, ತುಣುಕನ್ನು ಮತ್ತೆ ಮುಚ್ಚಿ, ಸುತ್ತ ಬೆರಳು ದಪ್ಪ ಹಿಟ್ಟು ಮೆತ್ತಿ, ಬೂದಿಯಲ್ಲಿ ಹೂಳುವುದು. ಒಂದು ತಾಸಿಗೆ ಆಗುತ್ತದೆ. ಆಕೆಯ ಅತ್ತೆಯೂ ಮಾಡುತ್ತಿರಲಿಲ್ಲ, ತಾಯಿಯೂ ಮಾಡುತ್ತಿರಲಿಲ್ಲ. ಒಬ್ಬಳೇ ಉಣ್ಣುವಾಗ ಪಲ್ಯೆ ಮಾಡಲು ಬೇಸರವಾಗಿ ಆಕೆಯೇ ಹುಡುಕಿಕೊಂಡದ್ದು.

ಸಂಜೆ ಆಕೆಯನ್ನು ನಿಲ್ಲಿಸಿಕೊಂಡೆ. ಮೂವತ್ತು ಬಟಾಟಿ ಆಕೆ ಮೆತ್ತಿ ಹೂಳಿದಳು. ಹೂಳುವ ಮುಂಚೆ ಒಂದೊಂದಕ್ಕೂ ಜಾಲಿ ಮುಳ್ಳಿನಿಂದ ಚುಚ್ಚಿ, ಹೋಗು, ಹೊರಗೆ ಹೋಗು ಎಂದು ತನ್ನಷ್ಟಕ್ಕೇ ಏನೋ ಗುಣುಗುಟ್ಟುತ್ತಿದ್ದಳು. ದೃಷ್ಟಿ ತೆಗೆಯುತ್ತಿದ್ದಾಳೆ ಎಂದುಕೊಂಡೆ. ದೊಡ್ಡ ಮಂದಿ ಉಣ್ಣುವ ಅಡುಗೆಗೆ ಯಾರದಾದರೂ ಕಣ್ಣು ತಾಗೀತು ಎಂದು ನಮ್ಮ ಮನೆಯಲ್ಲೂ ಹೆಂಗಸರು ಉಪ್ಪು ಇಳಿ ತೆಗೆಯುತ್ತಾರೆ. ಮನಸ್ಸಿನಲ್ಲೇ ನಕ್ಕು ಸುಮ್ಮನಾದೆ. ಆ ನಗೆಯ ಬೆಲೆ ಆಮೇಲೆ ತೆತ್ತೆ.

ಊಟದ ಮೇಜಿಗೆ ಒಂದು ಪರಾತದಲ್ಲಿ ಆ ಕಪ್ಪು ಗುಂಡುಗಳನ್ನು ಹಾಗೇ ಒಯ್ದೆ. ಬಂದವರು ಕಲ್ಲಿನ ವ್ಯಾಪಾರದವರು, ಊಟಕ್ಕೂ ಕಲ್ಲೇ ಬಂತೆಂದು ನಕ್ಕರು. ನಾನು ಅಡಿಕೆ ಕುಟ್ಟುವ ಹಿತ್ತಾಳೆಯ ಗುಂಡಿನಿಂದ ಒಬ್ಬೊಬ್ಬರ ತಟ್ಟೆಯಲ್ಲೂ ಒಂದೊಂದೇ ಪೆಟ್ಟು ಕೊಟ್ಟೆ, ಬಿರಿದ ಬಾಯಿಗೆ ಬೆಣ್ಣೆ ಹಾಕಿದೆ. ಮೇಜಿನ ಸುತ್ತ ಮಾತು ನಿಂತುಹೋಯಿತು. ಅಡುಗೆಯವನ ಜೀವನದಲ್ಲಿ ಅಂಥ ಸುಮ್ಮನಿರುವಿಕೆ ನಾಲ್ಕೈದು ಸಲ ಸಿಕ್ಕರೆ ಹೆಚ್ಚು. ಬಾಗಿಲಲ್ಲಿ ನಿಂತಿದ್ದ ಜೋಶಿಯವರು, ಇದರ ಹೆಸರೇನೆಂದು ಯಾರೋ ಕೇಳಿದ್ದಕ್ಕೆ, ಬದಾಮಿ ಬಟಾಟಿ ಎಂದುಬಿಟ್ಟರು. ಅತಿಥಿಗಳಲ್ಲೊಬ್ಬರು ಊಟ ಮುಗಿಯುವವರೆಗೂ ಬಟಾಟಿಯೊಳಗೆ ಬಾದಾಮಿ ಬೀಜ ಹುಡುಕುತ್ತಿದ್ದರು.

ಮಾಡಿದವರು ಯಾರು ಎಂದು ಕೇಳಿದರು. "ನಾವ ಮಾಡೇವ್ರಿ" ಎಂದೆ.

ಈ ಮಾತಿನ ಮೇಲೆ ನಾನು ಬಹಳ ವರ್ಷ ಕೂತು ಉಂಡೆ. ನಮ್ಮ ಕಡೆ ದೊಡ್ಡವರ ಮುಂದೆ ಸಣ್ಣವರು ನಾನು ಎನ್ನುವುದಿಲ್ಲ, ನಾವು ಎನ್ನುತ್ತೇವೆ, ಅದು ವಿನಯ. ಇಬ್ಬರು ಮಾಡಿದ್ದರೂ ನಾವೇ, ಒಬ್ಬನೇ ಮಾಡಿದ್ದರೂ ನಾವೇ. ಕೇಳಿದವರು ನಾನೆಂದು ತಿಳಿದರು, ನಾನು ಮನಸ್ಸಿನಲ್ಲಿ ಅಕ್ಕನನ್ನೂ ಸೇರಿಸಿದ್ದೇನೆ ಎಂದುಕೊಂಡೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನ.

ಮಾರನೆಯ ದಿನ ನಸುಕಿನಲ್ಲಿ ಆಕೆ ಕೇಳಿದ್ದು ಒಂದೇ ಮಾತು. "ಏನಂದ್ರು ತಮ್ಮಾ ಮಂದಿ?"

ಚಲೋ ಆಗಿದೆ ಅಂದರು ಎಂದೆ. ಹೌದಾ, ಎಂದು ಸೆರಗಿನಿಂದ ಮುಖ ಒರೆಸಿಕೊಂಡು ರೊಟ್ಟಿಗೆ ಕೂತಳು. ಅವತ್ತು ಬಡಿತದ ಸಪ್ಪಳವೇ ಬೇರೆ ಇತ್ತು.

ಅಲ್ಲಿಂದ ಮುಂದೆ ಯಾರೇ ದೊಡ್ಡ ಅತಿಥಿ ಬಂದರೂ ಬದಾಮಿ ಬಟಾಟಿ ಆಗಲೇಬೇಕು. ಕೂಡಲಸಂಗಮಕ್ಕೆ ಹೊರಟವರು ನಮ್ಮಲ್ಲಿ ಊಟಕ್ಕೆಂದೇ ಹಾದಿ ತಪ್ಪಿಸಿಕೊಂಡು ಬಂದದ್ದುಂಟು. ಹಿತ್ತಲಲ್ಲಿ ಹಿಟ್ಟು ಮೆತ್ತಿ, ಹೊಗೆ ಕುಡಿದು, ಬೂದಿಗೆ ಕೈ ಹಾಕುವವಳು ಆಕೆ. ಬಿಳಿ ಕೋಟು ಹಾಕಿಕೊಂಡು ಹಿತ್ತಾಳೆ ಗುಂಡು ಎತ್ತುವವನು ನಾನು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮಲ್ಲಿ ಕೆಸರಿನ ಕೈ ಆಕೆಯದಾಗಿತ್ತು, ಮೊಸರಿನ ಬಾಯಿ ನನ್ನದಾಗಿತ್ತು. ಬರಬರುತ್ತ ನಾನು ಮಾತೂ ಕಲಿತೆ. ನಮ್ಮ ಮುತ್ತಜ್ಜ ಯಾವುದೋ ನವಾಬರ ದಂಡಿನ ಜೊತೆ ಇದ್ದ, ದಂಡು ಹಾದಿಯಲ್ಲಿ ಬೀಡು ಬಿಟ್ಟಾಗ ಹೀಗೆ ಬೇಯಿಸುತ್ತಿದ್ದ ಎಂದು ಒಂದು ಕತೆ ಕಟ್ಟಿದೆ. ನಮ್ಮ ಮುತ್ತಜ್ಜ ಹುನಗುಂದದ ಸಂತೆಯಲ್ಲಿ ಹಗ್ಗ ಮಾರುತ್ತಿದ್ದ. ಅತಿಥಿಗಳಿಗೆ ಆ ಕತೆ ಬಟಾಟಿಗಿಂತ ಹೆಚ್ಚು ರುಚಿಸಿತು. ಹೊಸಬರೇ, ಇದು ಈ ಕೆಲಸದ ದೊಡ್ಡ ರೋಗ. ಊಟಕ್ಕೆ ಕತೆ ಬೇಕೆಂದು ಉಣ್ಣುವವರು ಕೇಳುತ್ತಾರೆ, ಇಲ್ಲದಿದ್ದರೆ ನಾವು ಹುಟ್ಟಿಸುತ್ತೇವೆ. ಹುಟ್ಟಿಸಿದ ಕತೆಯಲ್ಲಿ ಅಡುಗೆ ಮಾಡಿದವರ ಹೆಸರು ಯಾವಾಗಲೂ ಬದಲಾಗಿರುತ್ತದೆ.

ಎಷ್ಟು ಸಲ ಬಡಿಸಿದೆನೋ ಅಷ್ಟು ಸಲ ಮರುದಿನ ಆಕೆ ಕೇಳುತ್ತಿದ್ದಳು, ಏನಂದರು ಮಂದಿ ಎಂದು. ಚಲೋ ಆಗಿದೆ ಅಂದರು ಎಂದು ನಾನು ಹೇಳುತ್ತಿದ್ದೆ. ಯಾರಿಗೆ ಅಂದರು ಎಂದು ಆಕೆ ಒಂದು ದಿನವೂ ಕೇಳಲಿಲ್ಲ.

ಹೀಗಿರುವಾಗ ಒಮ್ಮೆ ಮೇಲಿನ ಕಚೇರಿಯ ಒಬ್ಬ ದೊಡ್ಡ ಸಾಹೇಬರು ಬಂದರು. ಮೈಸೂರು ಕಡೆಯವರು, ನಿಧಾನ ಮಾತಿನ, ಒಳ್ಳೆಯ ಮನುಷ್ಯ. ನಮ್ಮ ಅತಿಥಿ ಗೃಹದ ಅಡುಗೆಗೆ ಒಂದು ಕಾಯಂ ಹುದ್ದೆ ಆ ಸಲ ನಿಜವಾಗಿಯೂ ಮಂಜೂರಾಗಿತ್ತು. ಯಾರ ಹೆಸರು ಬರೆಯಬೇಕೆಂಬುದು ಅವರ ಕೈಯಲ್ಲಿತ್ತು. ಓದು ಬರಹದ ಕಟ್ಟಳೆ ಏನೂ ಇರಲಿಲ್ಲ, ಕೆಲಸ ನೋಡಿ ಕೊಡುವುದಿತ್ತು. ಮಧ್ಯಾಹ್ನವೇ ಜೋಶಿಯವರು ನಮ್ಮಿಬ್ಬರಿಗೂ ಈ ಸಂಗತಿ ಹೇಳಿದ್ದರು. ಬಸಲಿಂಗಕ್ಕ ಅವತ್ತು ಬಟಾಟಿಗಳನ್ನು ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿ ಆರಿಸಿದಳು. ಮಗಳನ್ನು ಇನ್ನೂ ಮುಂದೆ ಓದಿಸಬಹುದು ಎಂದು ನನ್ನೆದುರೇ ಅಂದಳು. ನಿನ್ನದಾದರೂ ಚಲೋ, ನನ್ನದಾದರೂ ಚಲೋ ಎಂದೂ ಅಂದಳು.

ಸಾಹೇಬರು ಎರಡು ಬಟಾಟಿ ಉಂಡರು. ಕೈ ತೊಳೆಯುವ ಮೊದಲೇ ನನ್ನ ಕಡೆ ತಿರುಗಿದರು.

"ಯಾರು ಮಾಡಿದ್ದು ಇದನ್ನು?"

"ನಾವ ಮಾಡೇವ್ರಿ ಸಾಹೇಬ್ರ."

ನಮ್ಮ ಕಡೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಅವರಿಗೆ ನಮ್ಮ ಈ ವಿನಯದ ಮಾತು ತಿಳಿಯಲಿಲ್ಲ. ನಾವು ಎಂದರೆ ಇಬ್ಬರು ಮೂವರು ಇರಬೇಕೆಂದು ಸಹಜವಾಗಿ ಅಂದುಕೊಂಡರು.

"ನಾವು ಅಂದರೆ ಯಾರ್ಯಾರು?"

ಅಡ್ಡಗೋಡೆಯನ್ನೇ ತೆಗೆದಿಟ್ಟಂತಾಯಿತು, ದೀಪ ಈ ಕಡೆಯಾದರೂ ಇರಬೇಕು ಆ ಕಡೆಯಾದರೂ ಇರಬೇಕು. ಜೋಶಿಯವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಹಿತ್ತಲ ಬಾಗಿಲು ಹತ್ತು ಹೆಜ್ಜೆ ದೂರ, ಅದರ ಆಚೆ ಆಕೆ ಕೂತಿದ್ದಳು. ಅಕ್ಕಾ, ಒಳಗೆ ಬಾ ಎಂದು ಕರೆದಿದ್ದರೆ ಮುಗಿದಿತ್ತು.

"ನಾನ ರೀ" ಎಂದೆ. "ನಾನ ಮಾಡೇನ್ರಿ."

ಮಾಡೇವ್ರಿ ಎಂಬುದಕ್ಕೂ ಮಾಡೇನ್ರಿ ಎಂಬುದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಬಾಯಿ ಅಷ್ಟು ಸುಲಭವಾಗಿ ಹೊರಳಿತು. ಹೆದರಿಕೆಯಿಂದ ಹೇಳಿದೆನೇ, ಆಸೆಯಿಂದ ಹೇಳಿದೆನೇ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಆಸೆಯಿಂದಲೇ ಹೇಳಿದ್ದು. ಹೆದರಿಕೆ ಆಮೇಲೆ ಬಂತು.

ಹುದ್ದೆ ನನಗಾಯಿತು. ಅದರ ವಿವರ ಇಲ್ಲಿ ಬೇಡ. ಜೋಶಿಯವರು ಸಾಹೇಬರ ಮುಂದೆ ಏನೂ ಅನ್ನಲಿಲ್ಲ. ಕಾರು ಹೋದ ಮೇಲೆ ನನ್ನ ಹತ್ತಿರ ಬಂದು, ನಾಳೆಯಿಂದ ನಿನ್ನ ಸಾರಿನ ಉಪ್ಪು ನಾನು ನೋಡುವುದಿಲ್ಲ ಎಂದಷ್ಟೇ ಹೇಳಿದರು. ಅವರೂ ಅಲ್ಲೇ ಬಾಯಿ ಬಿಡಬಹುದಿತ್ತಲ್ಲ ಎಂದು ನಾನು ಎಷ್ಟೋ ವರ್ಷ ಅವರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ನನ್ನ ತಪ್ಪನ್ನು ಬೇರೆಯವರು ತಿದ್ದಬೇಕಿತ್ತು ಎಂಬ ಸಿಟ್ಟು ಎಂಥ ಸಿಟ್ಟು?

ಬಸಲಿಂಗಕ್ಕ ಮರುದಿನ ಎಂದಿನಂತೆ ಬಂದಳು. ಒಲೆ ಹೊತ್ತಿಸಿದಳು, ಹಿಟ್ಟು ನಾದಿದಳು, ರೊಟ್ಟಿ ಬಡಿದಳು. ಜಗಳ ಮಾಡಿಯಾಳು, ಎಂದು ನಾನು ಮೂರು ತರದ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಆಕೆ ಏನೂ ಕೇಳಲಿಲ್ಲ. ಏನಂದರು ಮಂದಿ ಎಂದೂ ಕೇಳಲಿಲ್ಲ. ಅವತ್ತಷ್ಟೇ ಅಲ್ಲ, ಮುಂದೆ ಎಂದೂ ಕೇಳಲಿಲ್ಲ. ಬಟಾಟಿ ಬೇಕೆಂದರೆ ಮಾಡಿ ಕೊಡುತ್ತಿದ್ದಳು, ಮೊದಲಿನಷ್ಟೇ ಹದವಾಗಿ, ಒಂದೂ ಕೆಡದೆ. ಕೆಡಿಸಿದ್ದರೆ ನನಗೆ ಬೈಯಲು ಒಂದು ಸಂದಿ ಸಿಗುತ್ತಿತ್ತು. ಮರುದಿನ ನಸುಕಿನಲ್ಲಿ ನಾನು ಹಿತ್ತಲಿಗೆ ಹೋಗಿ ಸುಮ್ಮನೆ ನಿಂತಿರುತ್ತಿದ್ದೆ, ಕೇಳಲಿ ಎಂದು. ಆಕೆ ರೊಟ್ಟಿ ತಿರುವಿ ಹಾಕುತ್ತಿದ್ದಳು.

ಒಂದೆರಡು ವರ್ಷಕ್ಕೆ ಅಡುಗೆಮನೆಗೆ ಗ್ಯಾಸು ಬಂತು, ಹಿಂದೆಯೇ ಒಂದು ದೊಡ್ಡ ಓವನ್ ಬಂತು. ಹಿತ್ತಲಿನ ಹೊಗೆಯಿಂದ ಗೋಡೆ ಕಪ್ಪಾಗುತ್ತದೆ ಎಂದು ಚಪ್ಪರ ತೆಗೆಸಿದರು. ರೊಟ್ಟಿಯನ್ನು ಊರಿನಿಂದ ಮಾಡಿಸಿ ತರಿಸುವುದೆಂದಾಯಿತು, ಒಣಗಿಸಿದ ಕಟಕ ರೊಟ್ಟಿಯ ಕಟ್ಟು ಕಟ್ಟಿ ತಂದು ಕೊಡುವವರು ಆಗಲೇ ಹುಟ್ಟಿಕೊಂಡಿದ್ದರು. ಬಸಲಿಂಗಕ್ಕನಿಗೆ ನಾಳೆಯಿಂದ ಬರಬೇಡ ಎಂದರು. ಆ ಮಾತನ್ನು ಹೇಳಲು ನನ್ನನ್ನೇ ಕಳಿಸಿದರು. ನಾನು ಕಾಯಂ ಆದವನಲ್ಲವೇ, ಇಂಥವೂ ನನ್ನ ಪಾಲಿಗೆ ಬರುತ್ತಿದ್ದವು. ಆಕೆ ತನ್ನ ಕೊಣಮಿಗೆಯನ್ನು ತೊಳೆದು, ಒರೆಸಿ, ಸೀರೆಯ ಗಂಟಿನಲ್ಲಿ ಕಟ್ಟಿಕೊಂಡಳು. ಹೊರಡುವಾಗ ಬಾಗಿಲಲ್ಲಿ ನಿಂತಳು.

"ತಮ್ಮಾ, ಬಟಾಟಿಗಿ ಮುಳ್ಳ ಚುಚ್ಚೂದು ಮರೀಬ್ಯಾಡ."

ಆಗಲಿ ಎಂದೆ. ದೃಷ್ಟಿಯ ಮಾತನ್ನು ಹೋಗುವಾಗಲೂ ಬಿಡಲಿಲ್ಲವಲ್ಲ ಈಕೆ, ಎಂದುಕೊಂಡೆ. ಬೇರೆ ಹೆಂಗಸು ಆ ಹೊತ್ತಿನಲ್ಲಿ ಶಾಪ ಹಾಕುತ್ತಿದ್ದಳು. ಈಕೆ ನನಗೆ ಕೆಲಸ ಹೇಳಿಕೊಟ್ಟು ಹೋದಳು, ಅದನ್ನೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಬಟಾಟಿಯನ್ನು ಮೊದಲ ಸಲ ನಾನೊಬ್ಬನೇ ಮಾಡಿದೆ. ಬೂದಿ ಇಲ್ಲ, ಓವನ್ನಿನಲ್ಲಿ ಇಟ್ಟೆ. ಜೋಳದ ಹಿಟ್ಟು ನನ್ನ ಕೈಗೆ ಬಿರಿಯುತ್ತಿತ್ತು, ಅದಕ್ಕೆ ಗೋಧಿ ಹಿಟ್ಟು ಮೆತ್ತಿದೆ. ಮುಳ್ಳು ಚುಚ್ಚಲಿಲ್ಲ. ಓವನ್ನಿಗೆ ಯಾರ ದೃಷ್ಟಿ? ಮೇಜಿನ ಮೇಲೆ ಗುಂಡುಗಳು ನುಣ್ಣಗೆ, ಹೊಂಬಣ್ಣಕ್ಕೆ ತಿರುಗಿ, ಮೊದಲಿಗಿಂತ ಚೆಂದ ಕಾಣುತ್ತಿದ್ದವು. ಊಟಕ್ಕೆ ಬಂದಿದ್ದ ಒಬ್ಬ ಸಾಹೇಬರ ಹೆಂಡತಿ ಅವತ್ತು ಮಧ್ಯಾಹ್ನ ಇಳಕಲ್ಲಿನಲ್ಲಿ ಕೊಂಡ ಹೊಸ ಸೀರೆಯನ್ನೇ ಉಟ್ಟು ಕೂತಿದ್ದರು. ದಂಡಿನ ಕತೆ ಹೇಳುತ್ತ, ಹಿತ್ತಾಳೆ ಗುಂಡು ಎತ್ತಿ ಅವರ ತಟ್ಟೆಯ ಬಟಾಟಿಗೆ ಒಂದು ಪೆಟ್ಟು ಹಾಕಿದೆ.

ಢಬ್ ಎಂದು ಸಿಡಿಯಿತು. ಒಳಗೆ ಸಿಕ್ಕಿಕೊಂಡಿದ್ದ ಹಬೆ ಒಮ್ಮೆಲೇ ಹೊರಗೆ ಬಂದು ನನ್ನ ಮುಂಗೈ ಬೆಂದುಹೋಯಿತು. ಕುದಿಯುವ ರಂಜಕ ಹೊಸ ಸೀರೆಯ ಸೆರಗಿನ ತುಂಬ ಹಾರಿತು. ಅವರಿಗೆ ಏನೂ ಆಗಲಿಲ್ಲ ಎಂಬುದು ನನ್ನ ಪುಣ್ಯ. ಸಾಹೇಬರು ಎದ್ದು ಹೋದರು. ಜೋಶಿಯವರು ನನ್ನ ಕೈಗೆ ತಾವೇ ತಣ್ಣೀರು ಸುರಿದರು. ಮಾಡಿದ್ದುಣ್ಣೋ ಮಹಾರಾಯ, ಎಂದರು. ಅವರು ಯಾವುದಕ್ಕೆ ಹೇಳಿದರೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅವತ್ತು ಮುಳ್ಳಿನ ಅರ್ಥ ತಿಳಿಯಿತು. ಆಕೆ ಹೊರಗೆ ಹೋಗು ಎಂದು ಹೇಳುತ್ತಿದ್ದದ್ದು ಹಬೆಗೆ. ಬೇಯುವ ವಸ್ತುವಿಗೆ ಉಸಿರು ಬಿಡಲು ಒಂದು ದಾರಿ ಬೇಕು, ಅಷ್ಟೇ. ನನ್ನ ಹದಿನೈದು ವರ್ಷದ ವಿದ್ಯೆಯಲ್ಲಿ ಅದು ಇರಲಿಲ್ಲ. ಹೆಂಗಸು, ಹಳ್ಳಿಯವಳು, ಮುಳ್ಳು ಹಿಡಿದು ಗುಣುಗುಟ್ಟಿದರೆ ಅದು ದೃಷ್ಟಿಯೇ ಇರಬೇಕೆಂದು ತಿಳಿದ ನನ್ನ ಬುದ್ಧಿಗೆ ಏನೆನ್ನಲಿ? ಮುಂದೆ ಮುಳ್ಳು ಚುಚ್ಚಿ ಮಾಡಿದೆ, ಬಟಾಟಿ ಸರಿಯಾಗಿ ಬಂತು. ನಿಜ ಹೇಳುವುದನ್ನು ಮಾತ್ರ ಆಗಲೂ ಕಲಿಯಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿ ಭಾಷಣ ಮಾಡಿದವರು ಬದಾಮಿ ಬಟಾಟಿಯ ಜನಕ ಎಂದರು, ನಾನು ಕೈಮುಗಿದು ಕೂತಿದ್ದೆ.

ಆಕೆ ಕೆರೂರಿನಲ್ಲಿ ಮಗಳ ಜೊತೆ ಒಂದು ಖಾನಾವಳಿ ನಡೆಸುತ್ತಾಳೆಂದು ನನಗೆ ಬಹಳ ಹಿಂದೆಯೇ ಗೊತ್ತಿತ್ತು. ಬಸ್ಸು ಕೆರೂರಿನಲ್ಲಿ ನಿಂತಾಗಲೆಲ್ಲ ನಾನು ಆಚೆಯ ಕಿಟಕಿಯ ಕಡೆ ಮುಖ ಮಾಡುತ್ತಿದ್ದೆ. ಆ ಹುಡುಗಿ ವಹಿಯಲ್ಲಿ ನನ್ನ ಸುಳ್ಳು ಬರೆದುಕೊಂಡು ಹೋದ ಮೇಲೆ ತಡೆಯಲಿಲ್ಲ. ಮುಂದಿನ ಸಂತೆಯ ದಿನ ಕೆರೂರಿಗೆ ಹೋಗಿ ಇಳಿದೆ.

ಸಣ್ಣ ಖಾನಾವಳಿ, ಎರಡು ಉದ್ದ ಮೇಜು, ಸಂತೆಗೆ ಬಂದ ಆರು ಮಂದಿ ಉಣ್ಣುತ್ತಿದ್ದರು. ಮಗಳು ಬಡಿಸುತ್ತಿದ್ದಳು. ಒಳಗೆ ಒಲೆಯ ಮುಂದೆ ಬಸಲಿಂಗಕ್ಕ ಕೂತಿದ್ದಳು, ಬೆನ್ನು ಬಾಗಿದೆ, ಕೈ ಬಡಿತ ಹಾಗೇ ಇದೆ. ನಾನು ಹೆಸರು ಹೇಳಬೇಕಾಗಲಿಲ್ಲ. ನೋಡಿದಳು, ಕೂಡಪಾ ಎಂದಳು. ಕ್ಷಮೆಯ ಮಾತನ್ನು ಬಸ್ಸಿನ ತುಂಬ ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ, ಮೊದಲು ಉಣ್ಣು, ಆಮೇಲೆ ಮಾತು ಎಂದು ತಡೆದಳು. ಇವತ್ತು ಬಟಾಟಿ ಇಟ್ಟಿದ್ದೇನೆ, ಮಗಳಿಗೆ ಬೇಕೆನಿಸಿತು, ಎಂದಳು. ಬೂದಿಯಿಂದ ಎಳೆದು, ಊದಿ, ಒಂದನ್ನು ನನ್ನ ತಟ್ಟೆಗೆ ತಂದಿಟ್ಟಳು. ಮುಳ್ಳಿನ ತೂತು ಕಾಣುತ್ತಿತ್ತು. ಒಡೆಯಲು ನನಗೆ ಕೈ ಬರಲಿಲ್ಲ. ಆಕೆಯೇ ಮುಷ್ಟಿಯಿಂದ ಗುದ್ದಿದಳು.

ಎದುರಿಗೆ ತಲೆಗೆ ಪಟಗ ಸುತ್ತಿ ಕೂತಿದ್ದ ಹಿರಿಯರಿಗೆ ವಾಸನೆ ಹತ್ತಿತು. ತಮಗೂ ಒಂದು ಹಾಕಿಸಿಕೊಂಡು, ಒಂದು ತುತ್ತು ತಿಂದು, ಇಂಥದ್ದು ಎಲ್ಲೂ ಉಂಡಿಲ್ಲ, ಇದು ಯಾರ ಕೈಯ ವಿದ್ಯೆ ಎಂದು ಕೇಳಿದರು.

ಬಸಲಿಂಗಕ್ಕ ನನ್ನ ಕಡೆ ಒಂದು ಗಳಿಗೆ ನೋಡಿದಳು. "ನಾವ ಮಾಡೇವ್ರಿ" ಎಂದಳು. "ಇಂವಾ, ನಾ. ಇಬ್ರೂ ಕೂಡಿ ಬದಾಮ್ಯಾಗ ಇದ್ದಿವಿ."

ಅವತ್ತು ಆ ಸಾಹೇಬರು ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ಇದೇ ಆಗಿತ್ತು. ಇಷ್ಟೇ ಆಗಿತ್ತು. ಅದನ್ನು ಹೇಳಲು ಆಕೆಗೆ ಒಂದು ಗಳಿಗೆ ಸಾಕಾಯಿತು. ನಾನು ಎದ್ದು ನಿಂತೆ.

"ನಾವಲ್ರಿ" ಎಂದೆ. "ಈ ಅಕ್ಕ ಒಬ್ಬಾಕೀನ ಮಾಡಿದ್ದು. ನಾ ಬರೇ ನಂದಂತ ಹೇಳಿ ಕಾಯಂ ಆದೆ."

ಉಣ್ಣುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಅವರಿಗೆ ಏನು ತಿಳಿಯಬೇಕು? ಯಾರು ಮಾಡಿದರೇನು, ಚಲೋ ಆಗಿದೆ ಬಿಡ್ರಿ ಎಂದು ಪಟಗದ ಹಿರಿಯರು ಮತ್ತೆ ಊಟಕ್ಕೆ ಬಗ್ಗಿದರು. ಮಗಳು ಮಾತ್ರ ಸಾರಿನ ಸೌಟು ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದಳು. ಆಕೆ ಮುಂದೆ ಓದಲಿಲ್ಲ.

ಬಸಲಿಂಗಕ್ಕ ನನ್ನ ಭುಜ ಹಿಡಿದು ಕೂರಿಸಿದಳು.

"ಈಗ್ಯಾಕ ತಮ್ಮಾ ಅದು? ಹೇಳೂ ದಿನಾ ಹೇಳಿದ್ರ ಈ ಹುಡುಗಿ ಬಾಳೇ ಬ್ಯಾರೆ ಆಗತಿತ್ತು. ಉಣ್ಣು, ರೊಟ್ಟಿ ಆರತಾವ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಹೋಗಿ ಒಲೆಯ ಮುಂದೆ ಕೂತು ಇನ್ನೊಂದು ರೊಟ್ಟಿ ಬಡಿಯತೊಡಗಿದಳು. ನಾನು ತಟ್ಟೆಗೆ ಕೈ ಹಾಕಿದೆ. ರೊಟ್ಟಿ ಆಗಲೇ ಆರಿಹೋಗಿತ್ತು.